ಬೆಟ್ಟ ಇಳಿಯುವ ಕಾಲಿಗೆ ಆರು ವಾರದ ತಾಲೀಮು

ಕುಮಾರ ಪರ್ವತದ ತುದಿ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಏರು, ಮರಳುವಾಗ ಅಷ್ಟೇ ಇಳಿಜಾರು. ಚಾರಣಕ್ಕೆಂದು ತಿಂಗಳುಗಟ್ಟಲೆ ಓಡಿ ದಮ್ಮು ಬೆಳೆಸಿಕೊಂಡವರೂ ದಾರಿಯ ನಡುವಿನ ಗಿರಿಗದ್ದೆಯಿಂದ ಕೆಳಗೆ ಬರುವ ಹೊತ್ತಿಗೆ ಮರ ಹಿಡಿದುಕೊಂಡು ನಿಲ್ಲುತ್ತಾರೆ. ದಮ್ಮು ಇದ್ದೇ ಇರುತ್ತದೆ, ತೊಡೆ ಗಡಗಡ ನಡುಗುತ್ತಿರುತ್ತದೆ.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು, ಬ್ರೇಕ್ ಹಿಡಿದಂತೆ. ಸೈಕಲ್ ತುಳಿದರೆ ಈ ಶಕ್ತಿ ಬರುವುದಿಲ್ಲ. ಇಳಿದೇ ಕಲಿಸಬೇಕು.

ಮುಖ್ಯ ಕಸರತ್ತು ಒಂದೇ: ಒಂಟಿಕಾಲಿನ ಮೆಟ್ಟಿಲಿಳಿತ. 15 ಸೆಂ.ಮೀ. ಎತ್ತರದ ಮೆಟ್ಟಿಲ ಅಂಚಿನಲ್ಲಿ ಬಲಗಾಲೂರಿ ನಿಲ್ಲಿ, ಎಡಗಾಲು ಮುಂದಕ್ಕೆ ಗಾಳಿಯಲ್ಲಿರಲಿ. ಮನಸ್ಸಿನಲ್ಲೇ ಮೂರು ಎಣಿಸುತ್ತ ಬಲ ಮಂಡಿಯನ್ನು ಮಡಚಿ. ಎಡ ಹಿಮ್ಮಡಿ ನೆಲಕ್ಕೆ ಸೋಕಿತೇ, ಭಾರ ಬಿಡದೆ ಬಲಗಾಲಿನಿಂದಲೇ ಮೇಲೇಳಿ. ಕಾಲಿಗೆ 8 ಸಲದಂತೆ 3 ಸುತ್ತು, ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಮೂರನೇ ವಾರಕ್ಕೆ 20 ಸೆಂ.ಮೀ. ಮೆಟ್ಟಿಲು, ನಾಲ್ಕನೇ ವಾರದಿಂದ ಬೆನ್ನ ಚೀಲದಲ್ಲಿ ಎರಡು ಲೀಟರಿನ ಎರಡು ನೀರಿನ ಬಾಟಲಿ.

ಕನ್ನಡಿಯ ಮುಂದೆ ಮಾಡಿದರೆ ತಪ್ಪು ತಾನೇ ಕಾಣುತ್ತದೆ. ಮಂಡಿ ಒಳಕ್ಕೆ, ಹೆಬ್ಬೆರಳಿನ ಆಚೆಗೆ ವಾಲುತ್ತಿದ್ದರೆ ಹೆಚ್ಚಾಗಿ ಸೊಂಟದ ಪಕ್ಕದ ಸ್ನಾಯು ಸೋಲುತ್ತಿದೆ ಎಂದರ್ಥ. ಮೆಟ್ಟಿಲು ತಗ್ಗಿಸಿ, ಮಂಡಿಯನ್ನು ಎರಡನೇ ಬೆರಳಿನ ನೇರಕ್ಕೆ ತನ್ನಿ. ಇನ್ನೊಂದು ತಪ್ಪು ಕಳ್ಳತನದ್ದು: ಕೆಳಗಿನ ಕಾಲಿನಿಂದ ನೆಲ ಒದ್ದು ಏಳುವುದು. ಲೆಕ್ಕ ತುಂಬುತ್ತದೆ, ಕಾಲು ಬೆಳೆಯುವುದಿಲ್ಲ. ಕೆಳಗಿನ ಪಾದದ ಬೆರಳು ಮೇಲೆತ್ತಿಕೊಂಡರೆ ಒದೆಯಲು ಆಗದು.

ಮೀನಖಂಡಕ್ಕೆ, ಅದೇ ಮೆಟ್ಟಿಲ ಅಂಚಿನಲ್ಲಿ ಎರಡೂ ಮುಂಗಾಲಿನ ಮೇಲೆ ಏರಿ, ಒಂದೇ ಕಾಲಿನಲ್ಲಿ ನಿಧಾನವಾಗಿ ಹಿಮ್ಮಡಿ ಇಳಿಸಿ. 12ರಂತೆ 3 ಸುತ್ತು. ಉರುಳುಗಲ್ಲಿನ ದಾರಿಗೆ ಪಾದದ ಕೀಲು ಪಳಗಬೇಕಾದರೆ ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಂತರೆ ಸಾಕು. ಬಸ್ಕಿ ಗೊತ್ತಿದ್ದವರು ಸೇರಿಸಿಕೊಳ್ಳಬಹುದು, ಆದರೆ ಬೇಗ ಬೇಗ ನೂರು ಹೊಡೆಯುವುದಲ್ಲ: ನಾಲ್ಕು ಎಣಿಸುತ್ತ ಇಳಿದು, ಹತ್ತೇ ಹೊಡೆಯಿರಿ.

ತೊಡೆ ಎರಡು ದಿನ ಹಿಡಿದುಕೊಂಡರೆ ಗಾಬರಿ ಬೇಡ. ಮಂಡಿಚಿಪ್ಪಿನ ಸುತ್ತ ಚುಚ್ಚಿದಂತೆ ನೋವು ಬಂದರೆ ಮಾತ್ರ ಎತ್ತರ ಅರ್ಧ ಮಾಡಿ; ಆಗಲೂ ಚುಚ್ಚಿದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಬಳಿ ಹೋಗಿ.

ಹೊರಡಲು 10-14 ದಿನವಿರುವಾಗ ಒಂದು ಉದ್ದನೆಯ ಇಳಿತ ಆಗಲೇಬೇಕು. ಒಮ್ಮೆ ಚೆನ್ನಾಗಿ ಇಳಿದು ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ; ಹತ್ತಿ ಬಸ್ಸಿನಲ್ಲಿ ವಾಪಸಾಗುವವರೇ ಬಹಳ, ನಮಗೆ ಬೇಕಾದದ್ದು ಅವರು ಬಿಟ್ಟುಹೋದ ಅರ್ಧ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದರೆ ಲಿಫ್ಟಿನಲ್ಲಿ ಮೇಲೆ ಹೋಗಿ, ಚೀಲ ಹೊತ್ತು ಮೆಟ್ಟಿಲಿಳಿಯಿರಿ, ಅರ್ಧ ಗಂಟೆ. ವಾಚ್‌ಮನ್ ಒಂದೆರಡು ಸಲ ವಿಚಾರಿಸಬಹುದು.

ಕೊನೆಯ ಐದು ದಿನ ಬರೀ ನಡಿಗೆ. ಕಾಲುಗುರುಗಳನ್ನು ಎರಡು ದಿನ ಮೊದಲೇ ಕತ್ತರಿಸಿ. ಇಳಿಜಾರಿನಲ್ಲಿ ಬೆರಳು ಶೂ ತುದಿಗೆ ಬಡಿದು ಉಗುರು ಕಪ್ಪಾಗುವುದನ್ನು ಯಾವ ತಾಲೀಮೂ ತಪ್ಪಿಸುವುದಿಲ್ಲ.