ಸ್ಟ್ರೈನರ್ ತೊಂದರೆ ಕೊಟ್ಟರೆ ಮೊದಲು ಡ್ರೈನ್ ಪೈಪ್ ನೋಡಿ

ನಾನು ಮೇಂಟೆನೆನ್ಸ್ ನೋಡಿಕೊಳ್ಳುವ ಕಾರ್ಖಾನೆ ತುಂಗಭದ್ರೆಯ ದಡದಲ್ಲಿದೆ. ಹೊಳೆಯಿಂದ ಎತ್ತಿದ ನೀರು ಕೂಲಿಂಗ್ ಲೈನಿಗೆ ಸೇರುವ ಮುಂಚೆ ಒಂದು ಆಟೋಮ್ಯಾಟಿಕ್ ಸ್ಟ್ರೈನರ್, ಅಂದ್ರೆ ಕಸ ಸೋಸಿ ತನ್ನ ಜಾಲರಿಯನ್ನು ತಾನೇ ತೊಳೆದುಕೊಳ್ಳುವ ಯಂತ್ರ, ದಾಟಬೇಕು. ಅದರ ಮುಂದೆ ಈ ನೀರಿನಿಂದ ಮೆಷಿನ್ ಆಯಿಲ್ ತಣಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ಗಳಿವೆ, ಪ್ಲೇಟುಗಳ ನಡುವಿನ ಸಂದು ಕೆಲವೇ ಮಿಲಿಮೀಟರ್. ಅಲ್ಲಿಗೆ ನಾರು ಹೋಗಿ ಕೂತರೆ ಆಯಿಲ್ ಬಿಸಿಯಾಗಿ ಮೆಷಿನ್ ಟ್ರಿಪ್ ಆಗುತ್ತದೆ, ಅಂದ್ರೆ ತಾನಾಗಿ ನಿಂತುಬಿಡುತ್ತದೆ. ಹಾಗಾಗಿ ಪಂಪ್‌ಹೌಸಿನಲ್ಲಿ ಸ್ಟ್ರೈನರ್ ಅಂದ್ರೆ ನನಗೆ ಕಾಳಜಿ ಜಾಸ್ತಿ.

ಅದು ಕೆಲಸ ಮಾಡುವ ರೀತಿ ಸರಳ. ನೀರು ಕೊಳವೆಯಾಕಾರದ ಜಾಲರಿಯ ಒಳಗಿನಿಂದ ಹೊರಕ್ಕೆ ಹೋಗುತ್ತದೆ, ಕಸ ಒಳಮೈಗೆ ಅಂಟಿಕೊಳ್ಳುತ್ತದೆ. ಕಸ ಕೂತಷ್ಟೂ ಒಳಬರುವ ಒತ್ತಡಕ್ಕೂ ಹೊರಹೋಗುವ ಒತ್ತಡಕ್ಕೂ ವ್ಯತ್ಯಾಸ ಏರುತ್ತದೆ, ಅದೇ ಡಿಪಿ. ನಮ್ಮಲ್ಲಿ ಜಾಲರಿ ಕ್ಲೀನ್ ಇದ್ದಾಗ ಡಿಪಿ 0.1 ಬಾರ್ ಆಸುಪಾಸು ಇರುತ್ತದೆ. 0.35 ಮುಟ್ಟಿದ ಕೂಡಲೇ ಡ್ರೈನ್ ವಾಲ್ವ್ ತೆರೆದುಕೊಂಡು, ಒಳಗಿರುವ ಟೊಳ್ಳಾದ ತೋಳು ತಿರುಗಲು ಶುರುವಾಗುತ್ತದೆ. ತೋಳಿನ ಬಾಯಿ ಜಾಲರಿಗೆ ತಾಗಿದಂತೆ ಇರುತ್ತದೆ, ಇನ್ನೊಂದು ತುದಿ ಡ್ರೈನಿಗೆ ಸೇರುತ್ತದೆ. ಜಾಲರಿಯ ಹೊರಗಿನ ನೀರಿಗೆ 2.5 ಬಾರ್ ಒತ್ತಡ, ತೋಳಿನೊಳಗೆ ಹೆಚ್ಚುಕಡಿಮೆ ಸೊನ್ನೆ, ಅದಕ್ಕೇ ನೀರು ಹಿಮ್ಮುಖವಾಗಿ ನುಗ್ಗಿ ಕಸವನ್ನು ಎಳೆದುಕೊಂಡು ಹೊರಗೆ ಹೋಗುತ್ತದೆ. ಇದೇ ಬ್ಯಾಕ್‌ವಾಶ್. ಇಷ್ಟೆಲ್ಲ ನಡೆಯುವಾಗಲೂ ಲೈನಿಗೆ ನೀರು ನಿಲ್ಲುವುದಿಲ್ಲ.

ಇದು ಅರ್ಥವಾದರೆ ಡ್ರೈನ್ ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಪೈಪಿಂಗ್ ಮಾಡಿದವರು ಡ್ರೈನ್ ಪೈಪನ್ನು ಸಣ್ಣ ಸೈಜಿಗೆ ಇಳಿಸಿ, ಮೇಲಕ್ಕೆತ್ತಿ, ನಾಲ್ಕಾರು ಬೆಂಡ್ ಹಾಕಿ, ದೂರದ ಹೊಂಡಕ್ಕೆ ಬಿಟ್ಟಿದ್ದರು. ಪೈಪ್ 10 ಮೀಟರ್ ಏರಿದರೆ ಸುಮಾರು 1 ಬಾರ್ ಹೋಯಿತು ಅಂತಲೇ ಲೆಕ್ಕ, ಬೆಂಡುಗಳಲ್ಲಿ ಹೋಗುವುದು ಬೇರೆ. ಬ್ಯಾಕ್‌ವಾಶ್ ಮೇಲೆ ಬ್ಯಾಕ್‌ವಾಶ್ ಆಗುತ್ತಿತ್ತು, ಡಿಪಿ ಮಾತ್ರ ಇಳಿಯುತ್ತಿರಲಿಲ್ಲ. ಜಾಲರಿ ಬದಲಿಸೋಣ ಅಂತ ಎಲ್ಲರೂ ಹೇಳುತ್ತಿದ್ದರು, ನಾನು ಡ್ರೈನ್ ಪೈಪ್ ಬದಲಿಸಿದೆ. ವಾಲ್ವ್ ಸೈಜಿಗಿಂತ ಕಡಿಮೆಯಾಗದ ಪೈಪನ್ನು ನೇರ ಕೆಳಕ್ಕೆ ಇಳಿಸಿ ತೆರೆದ ಚರಂಡಿಗೆ ಬಿಟ್ಟೆವು. ಅದೇ ಜಾಲರಿ ಇವತ್ತಿಗೂ ಓಡುತ್ತಿದೆ. ಇನ್ನೊಂದು ಅನುಕೂಲ ಏನಂದ್ರೆ, ಬೀಳುವ ನೀರು ಈಗ ಕಣ್ಣಿಗೆ ಕಾಣುತ್ತದೆ. ಮೊದಲು ಕಸ ತುಂಬಿದ ನೀರು ಬಂದು, ವಾಲ್ವ್ ಮುಚ್ಚುವ ಹೊತ್ತಿಗೆ ಕಸ ನಿಂತಿರಬೇಕು. ಕಸ ಬರುತ್ತಿರುವಾಗಲೇ ಮುಚ್ಚಿದರೆ ಬ್ಯಾಕ್‌ವಾಶ್ ಸಮಯ ಹೆಚ್ಚಿಸಿ.

ಡಿಪಿ ಏರಿದರೆ ಎಲ್ಲರೂ ಓಡಿ ಬರುತ್ತಾರೆ. ನನಗೆ ಹೆಚ್ಚು ಭಯ ಡಿಪಿ ಸೊನ್ನೆ ತೋರಿಸಿದಾಗ. ಒಮ್ಮೆ ಶಿಫ್ಟ್ ಆಪರೇಟರ್ "ಸರ್, ಡಿಪಿ ಸೊನ್ನೆ ಇದೆ, ಏನೂ ತೊಂದರೆ ಇಲ್ಲ" ಅಂದ. ಪಂಪ್ ಓಡುತ್ತಾ ನೀರು ಹರಿಯುತ್ತಿದ್ದರೆ ಡಿಪಿ ಸೊನ್ನೆ ಆಗುವುದು ಹೇಗೆ? ಒಂದೋ ಜಾಲರಿ ಹರಿದಿದೆ, ಇಲ್ಲಾ ಅದರ ಸಂದು ಮುಚ್ಚುವ ರಬ್ಬರ್ ಓ-ರಿಂಗ್ ಜಾಗ ಬಿಟ್ಟು ಕಸ ಪಕ್ಕದಿಂದ ನುಸುಳುತ್ತಿದೆ, ಇಲ್ಲಾ ಗೇಜಿಗೆ ಹೋಗುವ ಸಣ್ಣ ಟ್ಯೂಬಿನಲ್ಲಿ ಕೆಸರು ಕಟ್ಟಿದೆ. ಅವತ್ತು ಕೆಸರೇ ಕಟ್ಟಿತ್ತು. ಆಗಿನಿಂದ ವಾರಕ್ಕೊಮ್ಮೆ ಎರಡೂ ಟ್ಯೂಬುಗಳನ್ನು ಬಿಚ್ಚಿ ನೀರು ಹಾಯಿಸುತ್ತೇವೆ. ಡಿಪಿಯನ್ನು ಪೂರ್ತಿ ನಂಬದೆ ಬ್ಯಾಕ್‌ವಾಶಿಗೆ ಟೈಮರನ್ನೂ ಇಟ್ಟಿದ್ದೇವೆ: ಬೇಸಿಗೆಯಲ್ಲಿ 6 ಗಂಟೆಗೊಮ್ಮೆ, ಹೊಳೆ ಏರಿದಾಗ ಅರ್ಧ ಗಂಟೆಗೊಮ್ಮೆ.

ಪ್ಯಾನೆಲ್ಲಿನ ಹಸಿರು ದೀಪವನ್ನೂ ಹಾಗೆಯೇ ನಂಬಬೇಡಿ. ಮೋಟರ್ ತಿರುಗುತ್ತಿರುತ್ತದೆ, ಗೇರ್‌ಬಾಕ್ಸಿನ ಶಿಯರ್ ಪಿನ್ (ಭಾರ ಹೆಚ್ಚಾದರೆ ಬೇಕೆಂದೇ ಮೊದಲು ಕಡಿಯುವ ಪಿನ್) ಕಡಿದಿದ್ದರೆ ತೋಳು ನಿಂತಲ್ಲೇ ನಿಂತಿರುತ್ತದೆ. ಪಿನ್ನಿಗಿಂತ ಕೆಳಗೆ, ಹೊರಗೆ ಕಾಣುವ ಶಾಫ್ಟಿನ ಮೇಲೆ ಬಿಳಿ ಪೇಂಟಿನ ಗುರುತು ಹಾಕಿ. ಗುರುತು ಸುತ್ತಿದರೆ ತೋಳು ಸುತ್ತುತ್ತಿದೆ. ಪಿನ್ ಕಡಿದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಅಂತ ತಿಳಿದು ಅದನ್ನು ಹುಡುಕಿ. ಅದರ ಬದಲು ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಕಡಿಯುವುದು ಗೇರ್‌ಬಾಕ್ಸ್ ಅಥವಾ ತೋಳು.

ನಮ್ಮ ಕಡೆ ಎಲೆ, ಕಡ್ಡಿ, ಶಂಖದ ಹುಳಕ್ಕಿಂತ ಕಾಟ ಕೊಡುವುದು ಅಡಿಕೆ ಸಿಪ್ಪೆ. ಸುಲಿದ ಸಿಪ್ಪೆಯನ್ನು ಹಳ್ಳದ ಪಕ್ಕ ಸುರಿಯುತ್ತಾರೆ, ಅದು ಕೊಳೆತು ನಾರು ಬಿಡಿಬಿಡಿಯಾಗಿ ಹೊಳೆಗೆ ಬರುತ್ತದೆ. ಹೆಣೆದ ಜಾಲರಿಯಲ್ಲಿ ಆ ನಾರು ಒಂದು ಕಣ್ಣಿನಿಂದ ಹೊರಬಂದು ಪಕ್ಕದ ಕಣ್ಣಿನಲ್ಲಿ ಒಳಹೋಗಿ ಹೊಲಿಗೆ ಹಾಕಿದಂತೆ ಕೂರುತ್ತದೆ, ಯಾವ ಬ್ಯಾಕ್‌ವಾಶಿಗೂ ಜಗ್ಗುವುದಿಲ್ಲ. ಬೆಣೆಯಾಕಾರದ ತಂತಿಗಳನ್ನು ಸಾಲಾಗಿ ಬೆಸೆದ ವೆಡ್ಜ್ ವೈರ್ ಜಾಲರಿ ದುಬಾರಿ, ಆದರೆ ಅದರ ಸೀಳು ಒಳಗಡೆ ಕಿರಿದಾಗಿ ಹೊರಕ್ಕೆ ಅಗಲವಾಗುತ್ತದೆ, ನಾರಿಗೆ ಸುತ್ತಿಕೊಳ್ಳಲು ಜಾಗ ಕಡಿಮೆ. ನಾರಿನ ನೀರಿದ್ದರೆ ಅದನ್ನೇ ಹಾಕಿಸಿ. ತೊಳೆಯುವಾಗ ಹೊರಗಿನಿಂದ ಒಳಕ್ಕೆ ಜೆಟ್ ಹೊಡೆಯಿರಿ. ಹೈಡ್ರೋಕ್ಲೋರಿಕ್ ಆಸಿಡ್ ಬೇಡವೇ ಬೇಡ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವೆ.

ಮಳೆಗಾಲದ ಕೆಂಪು ನೀರನ್ನು ಸ್ಟ್ರೈನರ್ ತಿಳಿಯಾಗಿಸುವುದಿಲ್ಲ. ನಮ್ಮ ಜಾಲರಿಯ ಸೀಳು 500 ಮೈಕ್ರಾನ್, ಜೇಡಿಯ ಕಣ 2 ಮೈಕ್ರಾನಿಗಿಂತ ಸಣ್ಣದು. ಅದಕ್ಕೆ ಆಲಂ ಹಾಕಿ ಕೆಳಗೆ ಕೂರಿಸುವ ಕ್ಲಾರಿಫೈಯರ್ ಬೇಕು.

ಕವರ್ ತೆಗೆಯುವಾಗ ಒಂದು ಕ್ರಮ ಬಿಡಬೇಡಿ. ಟೈಮರ್ ಇರುವ ಯಂತ್ರ ಇದು, ಕೈ ಒಳಗಿದ್ದಾಗ ತೋಳು ತಿರುಗಬಹುದು, ಆದ್ದರಿಂದ ಮೊದಲು ಪ್ಯಾನೆಲ್ ಆಫ್ ಮಾಡಿ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲೇ ಇರಲಿ. ಆಮೇಲೆ ಎರಡೂ ಕಡೆಯ ವಾಲ್ವ್ ಮುಚ್ಚಿ, ಡ್ರೈನ್ ಮತ್ತು ಮೇಲಿನ ವೆಂಟ್ (ಗಾಳಿಯಾಡುವ ಕಿಂಡಿ) ತೆರೆಯಿರಿ. ಗೇಜು ಸೊನ್ನೆ ಅಂದ ಮಾತ್ರಕ್ಕೆ ಬೋಲ್ಟ್ ಬಿಚ್ಚಬೇಡಿ, ಅದರ ಟ್ಯೂಬು ಕಟ್ಟಿಕೊಂಡಿರಬಹುದು. ವೆಂಟಿನಿಂದ ನೀರು ನಿಂತು, ಗಾಳಿ ಒಳಗೆ ಎಳೆಯುವ ಸದ್ದು ಕೇಳಿದ ಮೇಲೆ ಬೋಲ್ಟಿಗೆ ಸ್ಪ್ಯಾನರ್ ಹಾಕಿ.