‘ರನ್’ ಎಂಬ ಒಂದೇ ಪದಕ್ಕೆ ಮೂವತ್ತು ಕನ್ನಡ ಪದಗಳು: ನನ್ನ ಅನುಭವ

ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸದಲ್ಲಿ ನಾನು ಅತಿ ಹೆಚ್ಚು ಹಣ ಕಳೆದುಕೊಂಡದ್ದು ಯಾವುದೋ ಕ್ಲಿಷ್ಟವಾದ ಪಾರಿಭಾಷಿಕ ಪದದಿಂದಲ್ಲ, ‘ರನ್’ ಎಂಬ ಪುಟ್ಟ ಕ್ರಿಯಾಪದದಿಂದ. ಒಂದು ಇಂಗ್ಲಿಷ್ ಪದಕ್ಕೆ ಎಲ್ಲ ಕಡೆಯೂ ಒಂದೇ ಕನ್ನಡ ಪದವಿರಬೇಕೆಂಬುದು ನಮ್ಮ ಏಜೆನ್ಸಿಗಳ ಅಲಿಖಿತ ಕಾನೂನು. ಅದನ್ನು ಬಿಟ್ಟು ನಾನು ಇದೊಂದಕ್ಕೆ ಮೂವತ್ತಕ್ಕೂ ಹೆಚ್ಚು ಕನ್ನಡ ಕ್ರಿಯಾಪದಗಳನ್ನು ಜೋಡಿಸತೊಡಗಿದಾಗ, ಇದು ಆಗುಹೋಗುವ ಕೆಲಸವಲ್ಲ ಎಂದವರೇ ಹೆಚ್ಚು. ಕಳೆದ ವರ್ಷ ಸುಮಾರು 22,000 ಪದಗಳ ಪಂಪ್‌ಸೆಟ್ ಕೈಪಿಡಿಯೊಂದು ‘ರನ್’ ಇದ್ದ ಒಂದೇ ಒಂದು ವಾಕ್ಯಕ್ಕೂ ತಿದ್ದುಪಡಿಯಿಲ್ಲದೆ ಒಪ್ಪಿಗೆಯಾದ ಮೇಲೆ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ಪೆಟ್ಟು ಬಿದ್ದದ್ದು ಬಟ್ಟೆ ಒಗೆಯುವ ಯಂತ್ರದ ಕೈಪಿಡಿಯಲ್ಲಿ. ಪದವೊಂದಕ್ಕೆ ₹1.30ರಂತೆ 18,000 ಪದಗಳ ಕೆಲಸ. ಹಿಂದಿನ ಅನುವಾದಗಳನ್ನು ಉಳಿಸಿಟ್ಟು ಮತ್ತೆ ಸೂಚಿಸುವ ‘ಟ್ರಾನ್ಸ್‌ಲೇಷನ್ ಮೆಮೊರಿ’ ತಂತ್ರಾಂಶ ಒಮ್ಮೆ ‘ಓಡಿಸು’ ಎಂಬುದನ್ನು ಹಿಡಿದುಕೊಂಡದ್ದೇ ತಡ, ಉಳಿದ ಕಡೆಯೆಲ್ಲ ಅದನ್ನೇ ತುಂಬುತ್ತ ಹೋಯಿತು, ಗಡುವಿನ ಅವಸರದಲ್ಲಿ ನಾನೂ ಒಪ್ಪುತ್ತ ಹೋದೆ. ‘ಕಲರ್ಸ್ ಮೇ ರನ್’ ಎಂಬ ಎಚ್ಚರಿಕೆ ‘ಬಣ್ಣಗಳು ಓಡಬಹುದು’ ಎಂದು ಅಚ್ಚಿಗೆ ಹೋಗುವ ಹಂತಕ್ಕೆ ಬಂದಿತ್ತು. ಬಟ್ಟೆ ಬಣ್ಣ ಬಿಡುತ್ತದೆ ಎಂಬ ಮಾತು ನನಗೆ ಹುಟ್ಟಿದಂದಿನಿಂದ ಗೊತ್ತು, ಆದರೆ ಇಂಗ್ಲಿಷ್ ವಾಕ್ಯ ಕಣ್ಣೆದುರಿಗಿದ್ದಾಗ ಅದು ನೆನಪಿಗೆ ಬರಲಿಲ್ಲ. ಬಿಲ್ಲಿನಲ್ಲಿ ಒಂಬತ್ತು ಸಾವಿರದಷ್ಟು ಕಡಿತವಾಯಿತು, ಮುಂದೆ ಏಳೆಂಟು ತಿಂಗಳು ಆ ಏಜೆನ್ಸಿಯಿಂದ ಕೆಲಸವೇ ಬರಲಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದುಬಾರಿಯಾಯಿತು. ಸಮಾನಾರ್ಥಕಗಳೇ ಪರಿಹಾರವೆಂದು ನಂಬಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಿಂದ ಮೂರ್ನಾಲ್ಕು ಸಾವಿರ ರೂಪಾಯಿಯ ನಿಘಂಟು, ಪರ್ಯಾಯಪದ ಕೋಶಗಳನ್ನು ಹೊತ್ತು ತಂದೆ. ‘ರನ್’ ಬಂದಲ್ಲೆಲ್ಲ ಮೊದಲು ‘ಆಪರೇಟ್’, ‘ಮ್ಯಾನೇಜ್’, ‘ಫ್ಲೋ’ ಎಂಬ ಇಂಗ್ಲಿಷ್ ಪರ್ಯಾಯವನ್ನಿಟ್ಟು, ಆಮೇಲೆ ಅದಕ್ಕೆ ಕನ್ನಡ ಹುಡುಕುವುದು ನನ್ನ ಕ್ರಮವಾಗಿತ್ತು. ಫಲವಾಗಿ ಸಿಕ್ಕಿದ್ದು ಕಾರ್ಯಾಚರಣೆಗೊಳಿಸು, ನಿರ್ವಹಿಸು, ಪ್ರವಹಿಸು. ಅರ್ಥದಲ್ಲಿ ಇವು ತಪ್ಪಲ್ಲ, ಆದರೆ ಹೋಟೆಲನ್ನು ಯಾರೂ ನಿರ್ವಹಿಸುವುದಿಲ್ಲ, ನಡೆಸುತ್ತಾರೆ, ಸಂಸಾರವನ್ನು ತೂಗಿಸುತ್ತಾರೆ. ಹೀಗೆ ಒಂದೂವರೆ ವರ್ಷ ವ್ಯರ್ಥವಾಯಿತು.

ದಾರಿ ತೋರಿದ್ದು ನಮ್ಮ ಚಿಕ್ಕಪ್ಪನ ಅಡಿಕೆ ತೋಟ. ಬೇಸಗೆಯಲ್ಲಿ ಕೊಳವೆಬಾವಿಯ ನೀರು ಇಳಿದುಹೋಗಿದ್ದ ಒಂದು ಬೆಳಿಗ್ಗೆ ಪೈಪಿನ ಬಾಯಲ್ಲಿ ನೀರು ಬಿಟ್ಟು ಬಿಟ್ಟು ಬರತೊಡಗಿತು. “ಬರೀ ಗಾಳಿ ಎಳೀತಾ ಇದೆ, ಬೇಗ ಆಫ್ ಮಾಡೋ, ಸುಟ್ಟೋಗುತ್ತೆ” ಎಂದು ಅವರು ಕೂಗಿದರು. ಪಂಪು ನೀರಿಲ್ಲದೆ ಓಡುವುದನ್ನು ಹೇಳುವ ‘ಡ್ರೈ ರನ್’ ಎಂಬ ಮಾತಿಗಾಗಿ ನಾನು ಆ ವಾರವೆಲ್ಲ ತಡಕಾಡಿದ್ದೆ, ‘ಶುಷ್ಕ ಚಾಲನೆ’ ಎಂದು ಬರೆದೂ ಇದ್ದೆ. ಅವರ ಬಾಯಿಗೆ ಬೇಕಾದ ಕ್ರಿಯಾಪದವನ್ನು ತಂದುಕೊಟ್ಟದ್ದು ಗಾಳಿ ಎಂಬ ನಾಮಪದ. ಅಂದಿನಿಂದ ನಾನು ‘ರನ್’ಗೆ ಅರ್ಥ ಹುಡುಕುವುದನ್ನು ಬಿಟ್ಟು, ಅದರ ಜೊತೆಗೆ ಬರುವ ನಾಮಪದಗಳನ್ನು ಕಲೆಹಾಕಲು ತೊಡಗಿದೆ.

ಕ್ರಮ ಇಷ್ಟೇ: ಇಂಗ್ಲಿಷ್ ವಾಕ್ಯದಿಂದ ನಾಮಪದವನ್ನು ಮಾತ್ರ ಕಿತ್ತು ಚೀಟಿಯಲ್ಲಿ ಬರೆದು, ಇಂಗ್ಲಿಷನ್ನು ಮುಚ್ಚಿಟ್ಟು, ಆ ವಸ್ತು ನಮ್ಮ ಕಡೆ ಏನು ಮಾಡುತ್ತದೆ ಎಂದು ಕೇಳಿಕೊಳ್ಳುವುದು. ಹೊಳೆ ಹರಿಯುತ್ತದೆ, ಮೂಗು ಸುರಿಯುತ್ತದೆ, ರಸ್ತೆ ಹಾದುಹೋಗುತ್ತದೆ, ಎಣ್ಣೆ ತೀರುತ್ತದೆ, ಮೈ ಕಾಯುತ್ತದೆ, ರೋಗ ವಂಶದಲ್ಲಿ ಬರುತ್ತದೆ, ನಲ್ಲಿಯನ್ನು ಬಿಡುತ್ತೇವೆ, ಪುಟದ ಮೇಲೆ ಕಣ್ಣು ಹಾಯಿಸುತ್ತೇವೆ, ಕೂದಲಲ್ಲಿ ಬೆರಳಾಡಿಸುತ್ತೇವೆ. ಅಮೆರಿಕದಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾನೆ, ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಆಗುತ್ತಾನೆ, ನಮ್ಮಲ್ಲಿಯೂ ನಿಲ್ಲುತ್ತಾನೆ. ಒಂದು ದೇಶ ಓಡುವಲ್ಲಿ ಇನ್ನೊಂದು ನಿಲ್ಲುತ್ತದೆ ಎಂಬುದನ್ನು ಕಂಡ ದಿನ ನನಗೆ ಆದ ಸಂತೋಷ ದೊಡ್ಡದು. ಸುಮಾರು ಹದಿನಾಲ್ಕು ತಿಂಗಳಲ್ಲಿ ನಾನೂರರಷ್ಟು ಚೀಟಿಗಳಾದವು, ಅವು ಮೂವತ್ತೊಂದೋ ಮೂವತ್ತೆರಡೋ ಕನ್ನಡ ಕ್ರಿಯಾಪದಗಳಲ್ಲಿ ನೆಲೆಗೊಂಡವು.

ನಡುವೆ ಇನ್ನೊಂದು ತಪ್ಪು ಮಾಡಿದೆ. ಮೊದಲ ಪೆಟ್ಟಿನ ಭಯದಿಂದ ‘ಓಡು’ ಎಂಬುದನ್ನೇ ದೂರವಿಟ್ಟು, ಮೋಟಾರು ‘ಚಲಿಸುತ್ತದೆ’ ಎಂದು ಬರೆದೆ. ಅಡಿಪಾಯಕ್ಕೆ ಬೋಲ್ಟು ಹಾಕಿ ಬಿಗಿದ ಮೋಟಾರು ಚಲಿಸುವುದಾದರೂ ಎಲ್ಲಿಗೆ ಎಂದು ಪರಿಶೀಲಕರು ಅಂಚಿನಲ್ಲಿ ಬರೆದು ಕಳುಹಿಸಿದರು. ಅವರು ಕೇಳಿದ್ದು ಸರಿಯಾಗಿತ್ತು. ಮೋಟಾರು ಓಡುತ್ತದೆ, ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಕೆಲವೊಮ್ಮೆ ತಲೆ ಓಡುವುದಿಲ್ಲ. ಕನ್ನಡದ ‘ಓಡು’ ತನ್ನಷ್ಟಕ್ಕೆ ಸಾಕಷ್ಟು ದೂರ ಹೋಗಿದೆ, ಅದಕ್ಕೆ ಸಲ್ಲುವ ಜಾಗವನ್ನು ನಾನು ಕಿತ್ತುಕೊಳ್ಳಬಾರದಿತ್ತು.

ಈ ಹಂತದಲ್ಲಿ ಒಂದು ಉಪಪ್ರಯೋಗವೂ ನಡೆಯಿತು. ಕಿಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ಕೋಶದಲ್ಲಿ ಹಳಗನ್ನಡದ ‘ಪರಿ’, ಅದರ ಈಗಿನ ರೂಪವಾದ ‘ಹರಿ’ ನೋಡಿದರೆ ಓಡುವುದೂ ಹರಿಯುವುದೂ ಎರಡೂ ಒಂದೇ ಪದದಲ್ಲಿವೆ. ಇಂಗ್ಲಿಷಿನ ‘ರನ್’ನ ನೆಂಟನಾದ ಜರ್ಮನ್ ‘ರಿನ್ನೆನ್’ಗೂ ಹರಿಯುವುದು ಎಂದೇ ಅರ್ಥ. ಸಂಬಂಧವಿಲ್ಲದ ಎರಡು ಭಾಷಾಕುಲಗಳು ಓಟವನ್ನೂ ನೀರನ್ನೂ ಒಟ್ಟಿಗೆ ಕಟ್ಟಿದ್ದವು. ಹೊಸಗನ್ನಡ ಮಾತ್ರ ಓಟವನ್ನು ‘ಓಡು’ವಿಗೆ ಕೊಟ್ಟು, ‘ಹರಿ’ಗೆ ನೀರನ್ನು ಉಳಿಸಿತು. ಇದರ ಬೆನ್ನು ಹತ್ತಿ ಎರಡು ತಿಂಗಳು ಕಳೆದೆ. ಸಂಪಾದನೆ ಏನೂ ಆಗಲಿಲ್ಲ, ಆದರೂ ಆ ದಿನಗಳ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಸಂದೇಹಪಟ್ಟವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: ಇಷ್ಟು ಪದಗಳಿದ್ದರೆ ಗುಣಮಟ್ಟ ಪರೀಕ್ಷೆಯ ತಂತ್ರಾಂಶ ಪ್ರತಿ ವಾಕ್ಯಕ್ಕೂ ಅಸಂಗತವೆಂದು ಕೆಂಪು ಗುರುತು ಹಾಕುವುದಿಲ್ಲವೇ? ಮೊದಲ ಬಾರಿ ಇನ್ನೂರಕ್ಕೂ ಹೆಚ್ಚು ಗುರುತು ಬಂದದ್ದು ನಿಜ. ಪದಪಟ್ಟಿಗೆ ‘ರನ್’ ಅನ್ನು ಒಂಟಿಯಾಗಿ ಸೇರಿಸದೆ, ನಾಮಪದದೊಡನೆ ಜೋಡಿಯಾಗಿ ಸೇರಿಸಿದ ಮೇಲೆ ಅವು ಹತ್ತು ಹನ್ನೆರಡಕ್ಕೆ ಇಳಿದವು. ಆ ಉಳಿದವನ್ನೂ ಇಳಿಸಲು ಜೋಡಿಗಳನ್ನು ಯಾವ ಅನುಕ್ರಮದಲ್ಲಿ ಇಡುತ್ತೇನೆಂಬುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಈಗ ನನಗೆ ಪದಕ್ಕೆ ₹2.25 ಸಿಗುತ್ತಿರುವುದು ಅದರಿಂದಲೇ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಪೀಟರ್ ಗಿಲಿವರ್ ಈ ಒಂದು ಕ್ರಿಯಾಪದಕ್ಕೆ ಸುಮಾರು 9 ತಿಂಗಳು ಶ್ರಮಿಸಿ 645 ಅರ್ಥಗಳನ್ನು ಗುರುತಿಸಿದರು. ನನ್ನ ನಾನೂರು ಚೀಟಿಗಳನ್ನು ಹುಚ್ಚು ಎಂದವರಿಗೆ ನಾನು ಕೊಡುತ್ತಿದ್ದ ಉತ್ತರ ಅದೊಂದೇ. ಅದೇ ನಿಘಂಟಿನ 1989ರ ಆವೃತ್ತಿಯಲ್ಲಿ 430 ಅರ್ಥಗಳೊಂದಿಗೆ ಮೊದಲ ಸ್ಥಾನದಲ್ಲಿದ್ದ ‘ಸೆಟ್’ ಪದಕ್ಕೆ ಈಗ ಚೀಟಿಗಳ ಎರಡನೆಯ ಡಬ್ಬಿಯನ್ನು ತೆರೆದಿದ್ದೇನೆ. ಸೂರ್ಯ ಮುಳುಗುತ್ತಾನೆ, ಬಲೆ ಒಡ್ಡುತ್ತೇವೆ, ಮುಹೂರ್ತ ಇಡುತ್ತೇವೆ. ‘ಫ್ರೂಟ್ ಸೆಟ್’ ಎಂಬಲ್ಲಿ ಮತ್ತೆ ತಡೆದು ನಿಂತಾಗ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಹೂವು ಉದುರದೆ ನಿಂತರೆ ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ, “ಕಾಯಿ ಕಚ್ಚಿದೆ ಅಂತೀವಪ್ಪ” ಎಂದರು. ಅರವತ್ತೊಂದನೆಯ ಚೀಟಿ ಅದು.