ಪಶ್ಚಿಮದ ಬಿಸಿಲು, ತಾರಸಿಯ ಕಾವು: ಬೆಂಗಳೂರಿನ 30×40 ಸೈಟಿನಲ್ಲಿ ನನ್ನ ಅನುಭವ

ಬೆಂಗಳೂರಿನಲ್ಲಿ ಮನೆ ತಂಪಾಗಿರಬೇಕಾದರೆ ಮೊದಲು ನೋಡಬೇಕಾದ್ದು ಎರಡು ಜಾಗ: ತಾರಸಿ ಮತ್ತು ಪಶ್ಚಿಮದ ಗೋಡೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವಕ್ಕೆ 22ರ ಆಸುಪಾಸಿಗೆ ಇಳಿಯುತ್ತದೆ. ರಾತ್ರಿ ಹೊರಗೆ ತಣ್ಣಗಿದ್ದೂ ಒಳಗೆ ಬೇಯುತ್ತಿದ್ದೇವೆ ಅಂದರೆ, ಹಗಲೆಲ್ಲ ಕಾಂಕ್ರೀಟ್ ಕುಡಿದ ಬಿಸಿಲು ಈಗ ನಮ್ಮ ಮೇಲೆ ಇಳಿಯುತ್ತಿದೆ ಅಂತಲೇ. ಅದಕ್ಕೆ ಎಸಿ ಹಾಕಿ ವರ್ಷವಿಡೀ ಬಿಲ್ ಕಟ್ಟೋದು ನನಗೆ ಒಪ್ಪಿಗೆಯಿಲ್ಲ.

ಉತ್ತರಹಳ್ಳಿ ಕಡೆ ನಾನು ಪ್ಲಾನ್ ಮಾಡಿದ ಮನೆಯದ್ದು ಪಶ್ಚಿಮ ದಿಕ್ಕಿನ ಸೈಟು. ಎರಡೂ ಪಕ್ಕದವರು ಕಾಂಪೌಂಡಿಗೆ ಅಂಟಿಸಿಯೇ ಕಟ್ಟಿದ್ದಾರೆ. ಸಂಜೆ ಬಿಸಿಲು ಸೀದಾ ಮುಖಕ್ಕೆ. ವಾಸ್ತು ಪ್ರಕಾರ ಯಜಮಾನರ ಮಲಗುವ ಕೋಣೆ ನೈಋತ್ಯದಲ್ಲೇ ಆಗಬೇಕು ಅಂತ ಮನೆಯವರು ಹೇಳಿದರು. ಸಂಜೆ ಹೊತ್ತು ಅತಿ ಹೆಚ್ಚು ಕಾಯುವ ಮೂಲೆಯೇ ಅದು! ಅವರ ನಂಬಿಕೆ ಅವರದ್ದು, ಕೋಣೆ ಅಲ್ಲೇ ಇಟ್ಟೆ. ಪಶ್ಚಿಮದ ಗೋಡೆಗೆ ಉದ್ದಕ್ಕೂ ವಾರ್ಡ್‌ರೋಬ್ ಕೊಟ್ಟು, ಕಿಟಕಿಯನ್ನು ದಕ್ಷಿಣಕ್ಕೆ ತಿರುಗಿಸಿದೆ. ಮೆಟ್ಟಿಲು, ಬಚ್ಚಲು ಪಶ್ಚಿಮದ ಉಳಿದ ಭಾಗಕ್ಕೆ ಹೋದವು.

ಪಶ್ಚಿಮಕ್ಕೆ ಸಜ್ಜ ಒಂದನ್ನೇ ನಂಬಬಾರದು. ನಾಲ್ಕು ಗಂಟೆ ದಾಟಿದ ಮೇಲೆ ಬಿಸಿಲು ಅಡ್ಡಡ್ಡ ಬರುತ್ತದೆ, ಎರಡಡಿ ಸಜ್ಜದ ಕೆಳಗೆ ನುಗ್ಗುತ್ತದೆ. ಹಾಗಂತ ಪೂರ್ತಿ ಮುಚ್ಚಿದರೆ ಮುಂಗಾರಿನ ಗಾಳಿ ಬರೋದೂ ಅದೇ ಕಡೆಯಿಂದ. ಅದಕ್ಕೇ ಮೆಟ್ಟಿಲಿನ ಮುಂದೆ ಮಣ್ಣಿನ ಜಾಲಿ, ಅಂದರೆ ಗಾಳಿಯಾಡುವ ತೂತುಗಳ ಗೋಡೆ, ಕಟ್ಟಿಸಿದೆ. ರಸ್ತೆ ಬದಿಯ ಹೊಂಗೆ ಮರವನ್ನು ಕಡಿಯಲು ಬಿಡಲಿಲ್ಲ. ಯುಗಾದಿ ಹೊತ್ತಿಗೆ ಅದು ಹೊಸ ಎಲೆ ತುಂಬಿಕೊಂಡು, ಬೇಕಾದ ಹೊತ್ತಿಗೇ ನೆರಳು ಕೊಡುತ್ತದೆ.

ಉತ್ತರಕ್ಕೆ ಬಿಸಿಲೇ ಬರಲ್ಲ ಅಂತಾರಲ್ಲ, ಅದು ನಮ್ಮೂರಿಗೆ ಹೊಂದುವುದಿಲ್ಲ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಹಗಲಿನ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಉತ್ತರದ ಕಿಟಕಿಗೂ ಚಿಕ್ಕ ಸಜ್ಜ ಬೇಕು.

ಗೋಡೆಗೆ ಪಾಯದಿಂದ ತೆಗೆದ ಕೆಂಪು ಮಣ್ಣನ್ನೇ ಬಳಸಿದೆವು. ಜರಡಿ ಹಿಡಿದು, ಮರಳು ಮತ್ತು ಸ್ವಲ್ಪ ಸಿಮೆಂಟ್ ಸೇರಿಸಿ, ಮೆಷಿನ್‌ನಲ್ಲಿ ಒತ್ತಿದ ಇಟ್ಟಿಗೆ. ಸುಡುವ ಕೆಲಸವಿಲ್ಲ. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಈ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ.

ಇನ್ನು ತಾರಸಿ. ನನ್ನ ಜಾಸ್ತಿ ಗಮನ ಹೋಗಿದ್ದು ಇಲ್ಲಿಗೇ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ತುಂಬಾ ಬಳಸಿದ ಫಿಲ್ಲರ್ ಸ್ಲ್ಯಾಬ್ ಮಾಡಿದೆವು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಾಳುವುದು ಕಂಬಿ. ಅಲ್ಲಿ ಕಾಂಕ್ರೀಟಿನ ಕೆಲಸ ಕಡಿಮೆ. ಆ ಜಾಗಕ್ಕೆ ಮಂಗಳೂರು ಹೆಂಚು ಕೂರಿಸಬಹುದು. ಒಂದರ ಮೇಲೊಂದು ಎರಡು ಹೆಂಚಿಟ್ಟರೆ ನಡುವೆ ಗಾಳಿ ಉಳಿಯುತ್ತದೆ, ಕಾವು ಇಳಿಯೋದು ನಿಧಾನವಾಗುತ್ತದೆ. ಕಂಬಿಯ ಲೆಕ್ಕ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರವೇ ಮಾಡಿಸಬೇಕು.

ಮೇಸ್ತ್ರಿಗೆ ಅನುಮಾನ. "ಮೇಡಂ, ಹೆಂಚು ಒಡ್ದು ತಲೆ ಮೇಲೆ ಬಿದ್ರೆ?" ಅಂದರು. ಹೆಂಚಿನ ಪಕ್ಕದಲ್ಲಿ, ಮೇಲೆ ಕಾಂಕ್ರೀಟ್ ಹೇಗೆ ಹಿಡಿಯುತ್ತದೆ ಅಂತ ನೆಲದ ಮೇಲೇ ಒಂದು ಪುಟ್ಟ ತುಂಡು ಹಾಕಿ ತೋರಿಸಿದೆ. ಆಮೇಲೆ ಅವರೇ ಮುಂದೆ ನಿಂತರು. ಹೆಂಚನ್ನು ನೀರಲ್ಲಿ ಚೆನ್ನಾಗಿ ನೆನೆಸಬೇಕು, ಇಲ್ಲದಿದ್ದರೆ ಹಸಿ ಕಾಂಕ್ರೀಟಿನ ನೀರನ್ನು ಎಳೆದುಬಿಡುತ್ತದೆ. ಹೆಂಚುಗಳ ನಡುವಿನ ಸಂದಿಯಲ್ಲಿ ಕಂಬಿಯ ಸುತ್ತ ಕಾಂಕ್ರೀಟ್ ತುಂಬಿದೆಯಾ ಅಂತ ಕೂತು ನೋಡಬೇಕು. ಫ್ಯಾನ್ ಹುಕ್, ವೈರಿಂಗ್ ಪೈಪು ಆ ಸಂದಿಯಲ್ಲೇ ಬರುವಂತೆ ಮೊದಲೇ ಗುರುತು ಹಾಕಬೇಕು. ಆಮೇಲೆ ಸ್ಲ್ಯಾಬ್ ಕೊರೆಯೋದು ಬೇಡ.

ಮೇಲೆ ಬಿಳಿ ಟೈಲ್ಸ್ ಚೂರು ಹಾಸಿದೆವು. ಮೆಟ್ಟಿಲಿನ ತುದಿಯಲ್ಲಿ ಪಕ್ಕಕ್ಕೆ ತೆರೆಯುವ ಗಾಳಿಕಿಂಡಿಗಳಿವೆ. ಬೇಸಿಗೆಯಲ್ಲಿ ಹಗಲು ಕೆಳಗಿನ ಕಿಟಕಿ ಮುಚ್ಚಿ, ಸೂರ್ಯ ಮುಳುಗಿದ ಮೇಲೆ ಎಲ್ಲ ತೆರೆದರೆ ಬಿಸಿಗಾಳಿ ಮೇಲಿಂದ ಹೋಗಿ ತಣ್ಣನೆಯದು ಒಳಗೆ ಬರುತ್ತದೆ. ಏಪ್ರಿಲ್ ರಾತ್ರಿಗೂ ಆ ಮನೆಯವರಿಗೆ ಫ್ಯಾನ್ ಸಾಕಾಗಿದೆ.

ಬಿಳಿ ಟೈಲ್ಸಿಗೆ ಧೂಳು ಕೂತರೆ ಅದು ಮತ್ತೆ ಬಿಸಿಲು ಹೀರುತ್ತದೆ. ಹಾಗಾಗಿ ಶಿವರಾತ್ರಿ ಕಳೆದ ಕೂಡಲೇ ತಾರಸಿ ಉಜ್ಜಿ ತೊಳೆಯಿರಿ ಅಂತ ಮನೆಯವರಿಗೆ ಹೇಳಿಟ್ಟಿದ್ದೇನೆ.